ಹೊರಗಿನ ಎತ್ತಿನ ಲೆಕ್ಕ

ಗಾವಡಗೆರೆಯ ಕರಿಯಯ್ಯನ ಮೀಸೆಯ ಮೇಲೆ ನಿಂಬೆಹಣ್ಣು ನಿಲ್ಲುತ್ತದೆ ಎಂಬ ಮಾತು ಊರಿಗೆಲ್ಲ ಗೊತ್ತು. ಅಂಥ ಮೀಸೆಯನ್ನು ಪುಣ್ಯಾತ್ಮ ಒಂದು ಕಲ್ಲಿಗೆ ಪಣಕ್ಕಿಟ್ಟ. ಅದೂ ಆಕಾಶದ ಕಲ್ಲಿಗೆ!

ಆದದ್ದಿಷ್ಟು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಗಳು ಪ್ರಮೀಳಾ ಒಂದು ಸಂಜೆ ತಾರಸಿಗೆ ದುರ್ಬೀನು ತಂದು, ಅಪ್ಪನಿಗೂ ಅವನ ಗೆಳೆಯ ಬಡಗಿ ಮಕ್ಬೂಲನಿಗೂ ವೆಸ್ಟಾ ಎಂಬ ಕ್ಷುದ್ರಗ್ರಹ ತೋರಿಸಿದಳು. ಮಂಗಳ, ಗುರುಗಳ ನಡುವೆ ಸೂರ್ಯನನ್ನು ಸುತ್ತುವ ಬಂಡೆ ಅದು. ಒಂದು ಸುತ್ತಿಗೆ ಮೂರೂವರೆ ವರ್ಷಕ್ಕೂ ಮೇಲೆ. ಅಂದು ಒಂದು ನಕ್ಷತ್ರದ ಪಕ್ಕದಲ್ಲೇ ಮಿಣುಕುತ್ತಿತ್ತು.

"ಸೂರ್ಯನ ಸುತ್ತ ಅದು ಮೂಡ್ಲಾಗೇ ಓಗೋದು. ಆದ್ರೆ ಇನ್ನೊಂದು ವಾರಕ್ಕೆ ಆ ನಕ್ಷತ್ರದಿಂದ ಪಡುವಲಿಗೆ ಸರಿದಿರ್ತದೆ, ನೋಡ್ತಿರಿ," ಎಂದಳು.

"ಮೂಡ್ಲಾಗೆ ಓಗೋದು ಇಂದಕ್ಕೆ ಯಾಕವ್ವ ಬತ್ತದೆ?" ಕರಿಯಯ್ಯ ಕೆರಳಿದ. "ಕಣದಲ್ಲಿ ಒಂದೇ ಅಗ್ಗಕ್ಕೆ ಸಾಲಾಗಿ ಎತ್ತು ಕಟ್ಟಿ ಒಕ್ಕಣೆ ಮಾಡಿವ್ನಿ ನಾನು. ನಡುಗಂಬ ಮೇಟಿ ತಾವಿರೋ ಎತ್ತು ಸುತ್ತೋದು ಮೆಲ್ಲಗೆ, ಒರಗಡೇದು ಜೋರಾಗಿ. ನಮ್ಗಿಂತ ಒರಗಿರೋ ಕಲ್ಲು ಮುಂದಕ್ಕೇ ಓಗ್ಬೇಕು. ಇಲ್ದಿದ್ರೆ ಮೀಸೆ ಬೋಳಿಸ್ತೀನಿ!"

"ಮಗ್ಳ ಮಾತು ಕೇಳು ಕಣೋ. ಮೀಸೆ ಓದ್ರೆ ನಿನ್ ಮಕ ನಂಗೇ ಗುರ್ತು ಸಿಗಕಿಲ್ಲ," ಎಂದ ಮಕ್ಬೂಲ್.

ವಾರವಿಡೀ ತಂಬಾಕಿನ ಹೊಲದಲ್ಲೂ ಕರಿಯಯ್ಯನಿಗೆ ಅದೇ ಧ್ಯಾನ. ಮೀಸೆಯ ಭಯ ಒಂದು ಪಾಲಾದರೆ, ಆ ಕಲ್ಲು ಏನು ಮಾಡುತ್ತದೋ ಎಂಬ ಕುತೂಹಲ ಮೂರು ಪಾಲು. ವಾರದ ಮೇಲೆ ದುರ್ಬೀನಿಗೆ ಕಣ್ಣಿಟ್ಟ. ಕಲ್ಲು ಪಡುವಲಿಗೇ ಸರಿದಿತ್ತು.

"ಯಾಕವ್ವಾ?" ಎಂದ.

"ಅಲ್ಲಿ ಅಗ್ಗ ಇಲ್ವಲ್ಲಪ್ಪ! ಒಂದೇ ಅಗ್ಗಕ್ಕೆ ಕಟ್ಟಿದ್ರೆ ತಾನೆ ಒರಗಿನ ಎತ್ತು ಓಡ್ಬೇಕು? ಅಲ್ಲಿ ಸೂರ್ಯನಿಗೆ ಅತ್ರ ಇದ್ದಷ್ಟೂ ಜೋರು. ಈಗ ಆ ಕಲ್ಲನ್ನ ನಾವೇ ದಾಟ್ಕೊಂಡು ಓಯ್ತಿದ್ದೀವಿ. ಬಸ್ಸು ಮುಂದಕ್ಕೆ ಓದಾಗ ಪಕ್ಕದಲ್ಲಿ ಮೆಲ್ಲಗೆ ಓಗೋ ಲಾರಿ ಇಂದಕ್ಕೆ ಓದಂಗೆ ಕಾಣಲ್ವ? ಅಂಗೆ."

"ನಾವು ಅಂದ್ರೆ... ನಾನೂವೆ?"

"ನೀನೂ, ಮಕ್ಬೂಲ್ ಮಾಮನೂ, ಈ ಮನೇನೂ."

ಕರಿಯಯ್ಯ ಕಾಲಡಿಯ ತಾರಸಿಯನ್ನೊಮ್ಮೆ ನೋಡಿದ. ಮೈಸೂರಿಗೆ ಹೋಗುವುದಕ್ಕೂ ಹತ್ತು ಸಲ ಯೋಚಿಸುವ ಆಸಾಮಿ ಅವನು. ಮೈ ಜುಮ್ಮೆಂದಿತು. ಸೋತದ್ದೇ ಮರೆತುಹೋಗುವಷ್ಟು ಖುಷಿಯಾಯಿತು.

ಬೆಳಿಗ್ಗೆ ಕಟಿಂಗ್ ಶಾಪಿನ ಬಾಗಿಲಲ್ಲಿ ಮಕ್ಬೂಲ್ ಅಡ್ಡ ನಿಂತ. "ಬುಡೋ, ತಮಾಸೆಗೆ ಅಂದಿದ್ದು. ಯಾರ್ಗೂ ಯೋಳಕಿಲ್ಲ."

"ಸರಿ ಅತ್ಲಾಗೆ!" ಕರಿಯಯ್ಯ ಕುರ್ಚಿ ಏರಿ ಕುಳಿತ. "ಮೀಸೆ ಯಾಕ್ಲಾ ತೆಗ್ದೆ ಅಂತ ಊರೋರೆಲ್ಲ ಕೇಳ್ಬೇಕು ಕಣೋ. ಕೇಳ್ದಿದ್ರೆ, ನಾವು ಓಡ್ತಾ ಇದ್ದೀವಿ ಅಂತ ಅವ್ರಿಗೆ ನಾನು ಯೋಳೋದೆಂಗೆ?"