ಕರೆಂಟ್ ಎಂಬ ಮಾತು

ನಲವತ್ತು ಹತ್ತಿರ ಬಂದ ಮೇಲೆ ಮತ್ತೆ ಬೆಂಚಿನ ಮೇಲೆ ಕೂತು ನೋಟ್ಸ್ ಬರೆಯುವುದೆಂದರೆ ಹುಡುಗಾಟವಲ್ಲ. ಪದ್ಮಶ್ರೀ ಅದಕ್ಕೆ ಗಟ್ಟಿ ಮನಸ್ಸು ಮಾಡಿಯೇ ಮೈಸೂರಿಗೆ ಬಂದಿದ್ದಳು. ಹುಣಸೂರು ಕಡೆಯ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷ ನರ್ಸಾಗಿ ದುಡಿದವಳಿಗೆ, 2004ರಲ್ಲಿ, ಅನುಭವಿಗಳಿಗೆಂದೇ ಇದ್ದ ಕ್ಯಾನ್ಸರ್ ಶುಶ್ರೂಷೆಯ ಸ್ನಾತಕೋತ್ತರ ತರಬೇತಿಗೆ ಸೀಟು ಸಿಕ್ಕಿತ್ತು. ಪಾಸಾದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನ ಕ್ಯಾನ್ಸರ್ ರೋಗಿಗಳನ್ನು ಊರೂರಿಗೆ ಹೋಗಿ ನೋಡಿಕೊಳ್ಳುವ ಕೆಲಸ. ಫೇಲಾದರೆ ಹಳೆಯ ವಾರ್ಡು, ಹಳೆಯ ಇಂಜೆಕ್ಷನ್ ಟ್ರೇ.

ಓದಿನಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಔಷಧಿಗಳ ಹೆಸರು, ಅಳತೆ, ಅಡ್ಡಪರಿಣಾಮ ಎಲ್ಲವೂ ನಾಲಿಗೆಯ ತುದಿಯಲ್ಲಿದ್ದವು. ಎಡವುತ್ತಿದ್ದುದು ಒಂದೇ ಕಡೆ. ರೇಡಿಯೇಷನ್ ಎಂದರೇನೆಂದು ರೋಗಿಗೆ ಬಿಡಿಸಿ ಹೇಳಿ ಒಪ್ಪಿಗೆ ಪಡೆಯುವ ಪರೀಕ್ಷೆಯೊಂದಿತ್ತು. ಬಾಯಿ ತೆರೆದಳೆಂದರೆ ಸಾಕು, ರೋಗಿಯ ಪಕ್ಕದ ಖಾಲಿ ಕುರ್ಚಿಯಲ್ಲಿ ಭಾಗ್ಯಮ್ಮ ಬಂದು ಕೂರುತ್ತಿದ್ದಳು. ಸತ್ತು ಆರು ವರ್ಷವಾಗಿದ್ದ ಭಾಗ್ಯಮ್ಮ. ಮೂಗಿಗೆ ಅವಳ ಮೈಯ ಕೊಳೆತ ವಾಸನೆಯೂ ಬಡಿಯುತ್ತಿತ್ತು. ಕೂತವಳು ಇವಳ ಬಾಯನ್ನೇ ನೋಡುತ್ತಿದ್ದಳು. ಎರಡು ಸಲ ಪದ್ಮಶ್ರೀ ಮಾತು ಬಾರದೆ ಎದ್ದು ಬಂದಿದ್ದಳು.

"ಶುಕ್ರವಾರ ಕೊನೇ ಸಲ. ಆಗದಿದ್ದರೆ ಈ ಕೆಲಸ ನಿಮ್ಮದಲ್ಲ ಅಂತ ಬರೀಬೇಕಾಗುತ್ತೆ," ಎಂದು ಪಾಠದ ಮೇಡಂ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು.

ಭಾಗ್ಯಮ್ಮನ ಕಥೆಯನ್ನು ಪದ್ಮಶ್ರೀ ಯಾರಿಗೂ ಹೇಳಿರಲಿಲ್ಲ. ಹೇಳಲು ಮುಖವಾದರೂ ಎಲ್ಲಿತ್ತು? ಬಿಳಿಕೆರೆ ಆಚೆಯ ಹಳ್ಳಿಯಿಂದ ಗರ್ಭಕೋಶದ ಬಾಯಿಯಲ್ಲಿ ಗಡ್ಡೆ ಅಂತ ಬಂದಿದ್ದವಳು ಭಾಗ್ಯಮ್ಮ. ಇನ್ನೂ ಶುರುವಿನ ಹಂತ, ವಾಸಿಯಾಗುವಂಥದ್ದೇ. ಡಾಕ್ಟರು ಚೀಟಿ ಬರೆದು ಮೈಸೂರಿಗೆ ಕಳಿಸಿ ಎಂದರು. ಆ ಕಡೆ ರೇಡಿಯೇಷನ್ ಎಂದರೆ ಯಾರಿಗೆ ತಿಳಿಯುತ್ತದೆ? ಡಾಕ್ಟರಿಂದ ಆಯಾವರೆಗೆ ಎಲ್ಲರೂ ಕರೆಂಟ್ ಇಡುವುದು ಎಂದೇ ಹೇಳುವುದು. ಹೊರಗೆ ನಲವತ್ತು ಜನ ಕಾಯುತ್ತಿದ್ದರು. ಪದ್ಮಶ್ರೀ ಚೀಟಿ ಕೈಗಿಟ್ಟು, "ಏನಿಲ್ಲ ಕಣವ್ವ, ಮೈಸೂರಲ್ಲಿ ಕರೆಂಟ್ ಇಡ್ತಾರೆ, ಗಡ್ಡೆ ಸುಟ್ಟೋಗುತ್ತೆ" ಎಂದು ಮುಂದಿನವರನ್ನು ಕರೆದಳು.

ಒಂಬತ್ತು ತಿಂಗಳ ಮೇಲೆ ಅದೇ ಊರಿಗೆ ಪೋಲಿಯೊ ಲಸಿಕೆ ಹಾಕಲು ಹೋದಾಗ, ಮನೆಯ ಹೊರಗೆ, ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಪಕ್ಕ ಚಾಪೆ ಹಾಸಿ ಮಲಗಿಸಿದ್ದರು ಭಾಗ್ಯಮ್ಮನನ್ನು. ಒಳಗಿಟ್ಟುಕೊಳ್ಳಲಾರದಷ್ಟು ವಾಸನೆ. ಮೈಸೂರಿಗೆ ಯಾಕೆ ಹೋಗಲಿಲ್ಲವೆಂದು ಪದ್ಮಶ್ರೀ ಗದರಿಸಿಯೇ ಕೇಳಿದಳು.

"ನನ್ ಮಗ ಮೋಟ್ರು ಹಾಕಾಕೆ ವೋಗಿ ಕರೆಂಟ್ ಇಡ್ಕಂಡು ಸತ್ತ ಕಣವ್ವ," ಎಂದಳು ಭಾಗ್ಯಮ್ಮ. "ಇದ್ಲಾಗಿದ್ದ ನನ್ ಕೂಸು. ನಂಗೂ ಅದ್ನೇ ಇಡ್ತಾರೆ ಅಂದ್ಯಲ್ಲ. ಎಂಗ್ ವೋಗ್ಲಿ?"

ನಾಲ್ಕನೇ ದಿನಕ್ಕೆ ಸತ್ತಳು.

ಶುಕ್ರವಾರ ಪದ್ಮಶ್ರೀಯ ಎದುರಿಗೆ ಕೂತವಳು ಸಣ್ಣತಾಯಮ್ಮ, ಸಾಲಿಗ್ರಾಮದ ಕಡೆಯವಳು. ಅದೇ ಕಾಯಿಲೆ, ಅದೇ ಹಂತ. ಮೇಡಂ ಗೋಡೆಗೊರಗಿ ಗಡಿಯಾರ ನೋಡಿಕೊಂಡರು. ಪದ್ಮಶ್ರೀ ನಮಸ್ಕಾರ ಹೇಳಿದಳು, ಊಟವಾಯಿತಾ ಎಂದಳು. ಅಷ್ಟರಲ್ಲಿ ಪಕ್ಕದ ಕುರ್ಚಿ ತುಂಬಿತು. ಕೈಯಲ್ಲಿದ್ದ ಕಾಗದ ನಡುಗತೊಡಗಿತು.

ಸಣ್ಣತಾಯಮ್ಮ ಅವಳನ್ನೇ ನೋಡಿದಳು. ಆಮೇಲೆ ಕುರ್ಚಿ ಹಿಂದಕ್ಕೆ ಸರಿಸಿ ಎದ್ದಳು.

"ಯೋಳಾಕೆ ನಿಂಗೇ ಇಷ್ಟು ಭಯ ಅಂದ್ರೆ, ಮಾಡುಸ್ಕಳಾಕೆ ನಂಗೆಷ್ಟಿರಬೇಕು? ಬುಡವ್ವ, ಊರಿಗೆ ವೊಯ್ತೀನಿ."

ಪದ್ಮಶ್ರೀ ಅವತ್ತು ಮಾತಾಡಿ ಒಬ್ಬಳನ್ನು ಕಳಿಸಿದ್ದಳು, ಇವತ್ತು ಮಾತಾಡದೆ ಇನ್ನೊಬ್ಬಳನ್ನು ಕಳಿಸುತ್ತಿದ್ದಳು. ಪರೀಕ್ಷೆ ಹಾಳಾಗಿ ಹೋಗಲಿ ಎಂದುಕೊಂಡು ಅವಳ ಕೈ ಹಿಡಿದಳು.

"ಕೂತ್ಕೊಳವ್ವ. ಕರೆಂಟ್ ಅಂತಾರೆ ಇದನ್ನ. ಆ ಮಾತು ಕೇಳಿದ್ರೆ ನಿಮಗೆ ಏನು ನೆನಪಾಗುತ್ತೆ? ಮನೇಲಿ ಯಾರಿಗಾದ್ರೂ ಕರೆಂಟ್ ಹೊಡೆದಿತ್ತಾ?"

"ನಮ್ಮೂರ್ಗೆ ಅದು ಬರೋದೇ ಅಪ್ರೂಪ, ಒಡ್ಯಾದೆಲ್ಲಿ ಬಂತು?" ಎಂದಳು ಸಣ್ಣತಾಯಮ್ಮ. ಆದರೆ ಕೂತಳು.

ಪದ್ಮಶ್ರೀ ಹೇಳುತ್ತ ಹೋದಳು. ಇದರಲ್ಲಿ ಮೈ ಮುಟ್ಟುವ ತಂತಿ ಇಲ್ಲ, ಶಾಕ್ ಹೊಡೆಯುವುದಿಲ್ಲ. ಎಕ್ಸ್‌ರೇ ತೆಗೆದ ಹಾಗೆಯೇ, ಅದಕ್ಕಿಂತ ಜೋರು ಅಷ್ಟೆ. ಇಪ್ಪತ್ತೈದು ದಿನ, ದಿನಕ್ಕೆ ಕೆಲವೇ ನಿಮಿಷ. ಭೇದಿಯಾಗಬಹುದು, ಸುಸ್ತಾಗಬಹುದು, ಅದಕ್ಕೆ ಮಾತ್ರೆ ಇದೆ. ಒಳಗೆ ಒಬ್ಬರೇ ಮಲಗಬೇಕು, ಬಾಗಿಲು ಹಾಕುತ್ತಾರೆ, ತಾನು ಹೊರಗೆ ಟಿವಿಯಲ್ಲಿ ನೋಡುತ್ತಿರುತ್ತೇನೆ ಎಂದಳು. ಕೊನೆಗೆ ತಾನು ಯಾಕೆ ನಡುಗಿದೆ ಎಂಬುದನ್ನೂ ಹೇಳಿದಳು. ಭಾಗ್ಯಮ್ಮ, ಅವಳ ಮಗ, ಚಾಪೆ, ತಾನಾಡಿದ ಒಂದು ಮಾತು, ಯಾವುದನ್ನೂ ಬಿಡಲಿಲ್ಲ. ಅಳುತ್ತಲೇ ಹೇಳಿದಳು.

ಸಣ್ಣತಾಯಮ್ಮ ಕಾಗದ ಎಳೆದುಕೊಂಡು ಹೆಬ್ಬೆಟ್ಟು ಒತ್ತಿದಳು. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಪಾಸು," ಎಂದರು. "ಎಲ್ಲಾ ಬಿಡಿಸಿ ಹೇಳೋಕೆ ಹಿಡಿದಿದ್ದು ಆರೇ ನಿಮಿಷ."

ಸಣ್ಣತಾಯಮ್ಮ ಬೆರಳಿನ ಮಸಿಯನ್ನು ತಲೆಗೆ ಒರೆಸಿಕೊಳ್ಳುತ್ತ ಏನೋ ಯೋಚಿಸುತ್ತಿದ್ದಳು. ಬಾಗಿಲವರೆಗೆ ಹೋಗಿ ತಿರುಗಿದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ, ತಿಳಿಯಬೇಕೆಂಬ ಆಸೆಯಷ್ಟೇ ಇತ್ತು.

"ಅಲ್ಲ ಕಣವ್ವ, ಈಗ ನಂಗೆ ಯೋಳ್ದಂಗೆ ಆಯಮ್ಮಂಗೂ ಅವತ್ತು ಯೋಳಿದ್ರೆ, ಬದುಕ್ಕತಿದ್ಲಾ?"

ಮೇಡಂ ಏನೋ ಸಮಾಧಾನ ಹೇಳಲು ಬಾಯಿ ತೆರೆದರು. ಪದ್ಮಶ್ರೀ ಅವರನ್ನು ತಡೆದಳು.

"ಹೂಂ ಕಣವ್ವ," ಎಂದಳು. "ಬದುಕ್ತಿದ್ಲು."