ಎಡಗಡೆಗೆ ಎರಡು ಬೆರಳು ಹತ್ತಿ

ಯಾರ ಸೊಂಟ ಹಿಗ್ಗಿತು, ಯಾರ ಹೆಗಲು ಇಳಿಯಿತು, ಎಲ್ಲವೂ ದರ್ಜಿಯಮ್ಮನ ಹೊಟ್ಟೆಯೊಳಗೇ. ದೇವರ ಮುಂದೆ ಹೇಳಿಕೊಂಡದ್ದು ದೇವರಲ್ಲೇ ಉಳಿಯುವಂತೆ ಅವಳಲ್ಲಿ ಉಳಿಯುತ್ತಿತ್ತು. ಕಾಯಿಲೆಯಿಂದ ಟೀಚರಮ್ಮನ ಎಡ ಎದೆ ತೆಗೆದದ್ದು ಮನೆಯವರನ್ನು ಬಿಟ್ಟರೆ ಅವಳೊಬ್ಬಳಿಗೇ ಗೊತ್ತಿತ್ತು. ರವಿಕೆಯ ಒಳಗೆ ಹತ್ತಿಯಿಟ್ಟು ಎಷ್ಟು ಹದವಾಗಿ ಹೊಲಿಯುತ್ತಿದ್ದಳೆಂದರೆ ಶಾಲೆಯಲ್ಲಿ ಒಂದು ನರಪಿಳ್ಳೆಗೂ ಗೊತ್ತಾಗಿರಲಿಲ್ಲ.

ಕಣ್ಣು ಮಂಜಾದ ಮೇಲೆ ಅವಳು ಅಳತೆ ನೆನಪಿಟ್ಟುಕೊಳ್ಳುವ ಆ್ಯಪ್ ಒಂದನ್ನು ಫೋನಿಗೆ ಹಾಕಿಸಿಕೊಂಡಳು. ಗೌಪ್ಯತಾ ನೀತಿ ಎಂದು ಇರುವೆ ಸಾಲಿನಂಥ ಅಕ್ಷರ ಬಂತು. ಸೂಜಿಯ ಕಣ್ಣೇ ಕಾಣದವಳು ಅದನ್ನೇನು ಓದಿಯಾಳು? ‘ಒಪ್ಪಿದ್ದೇನೆ’ ಒತ್ತಿದಳು. ಟೀಚರಮ್ಮನ ಫೋನ್ ನಂಬರ್ ಹಾಕಿ, ಬಾಯಲ್ಲೇ ಹೇಳಿದಳು: “ಎಡಗಡೆಗೆ ಎರಡು ಬೆರಳು ಹತ್ತಿ. ಕಾಯಿಲೆಗೆ ತೆಗೆದದ್ದು.”

ತಿಂಗಳೊಪ್ಪತ್ತಿನಲ್ಲಿ ಟೀಚರಮ್ಮ ಅಂಗಡಿಗೆ ಬಂದು ಕುಳಿತಳು.

“ಫೋನಿಂದ ತರಗತಿಯ ಪರದೆ ಮೇಲೆ ಪಾಠ ತೋರಿಸ್ತಿದ್ದೆ ಕಣೆ. ಮಧ್ಯೆ ಜಾಹೀರಾತು ಬಂತು. ‘ಎದೆ ತೆಗೆಸಿಕೊಂಡ ಮೇಲೆ ಇನ್ನೂ ಹತ್ತಿಯನ್ನೇ ತುಂಬಿಸಿಕೊಳ್ತಿದ್ದೀರಾ?’ ಅಂತ. ಮಕ್ಕಳೆಲ್ಲ ನನ್ನನ್ನೇ ನೋಡಿದ್ರು. ಹತ್ತಿಯ ವಿಷಯ ನೀನಲ್ದೆ ಇನ್ಯಾರಿಗೆ ಗೊತ್ತಿತ್ತು?”

ದರ್ಜಿಯಮ್ಮನಿಗೆ ತಾನು ಆ್ಯಪಿಗೆ ಬಾಯಲ್ಲಿ ಹೇಳಿದ್ದು ನೆನಪಾಯಿತು. ಅಲ್ಲಿಯೇ ಅದರ ಕಂಪನಿಗೆ ಫೋನ್ ಮಾಡಿ, ಇಬ್ಬರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು.

“ಕಾನೂನು ಪ್ರಕಾರ ಒಪ್ಪಿಗೆ ತಗೊಂಡಿದ್ದೀವಲ್ಲಮ್ಮಾ,” ಎಂದಿತು ಆ ಕಡೆಯ ನಯವಾದ ದನಿ.

“ನನ್ನ ಒಪ್ಪಿಗೆ ತಗೊಂಡ್ರಿ. ಎದೆ ಅವರದಲ್ವೇನಪ್ಪಾ?”

“ಗ್ರಾಹಕರ ಒಪ್ಪಿಗೆ ನೀವೇ ಪಡೀಬೇಕು ಅಂತ ನೀತಿಯಲ್ಲಿದೆ.”

“ಅಳಿಸಿಬಿಡಪ್ಪಾ, ನಿನಗೆ ಪುಣ್ಯ ಬರುತ್ತೆ.”

“ನಮ್ಮಲ್ಲಿರೋದು ಅಳಿಸ್ತೀವಿ. ಬೇರೆ ಕಂಪನಿಗಳಿಗೆ ಹೋಗಿರೋದಕ್ಕೆ ಆ ಗ್ರಾಹಕರೇ ಒಂದೊಂದು ಕಡೆಗೂ ಅರ್ಜಿ ಹಾಕ್ಬೇಕು. ಗುರುತಿನ ಚೀಟಿ ಇಟ್ಟು, ಏನು ಕಾಯಿಲೆ, ಯಾವ ಮಾಹಿತಿ, ಎಲ್ಲ ಬರೀಬೇಕು.”

ಟೀಚರಮ್ಮ ಒಣನಗೆ ನಕ್ಕಳು. “ಮುಚ್ಚಿಡೋಕೂ ಊರಿಗೆಲ್ಲ ಬರೆದುಕೊಡಬೇಕು ಅನ್ನು.”

ದರ್ಜಿಯಮ್ಮ ಫೋನಿಟ್ಟು ಅವಳ ಕಾಲು ಮುಟ್ಟಲು ಬಗ್ಗಿದಳು. ಟೀಚರಮ್ಮ ತಡೆದಳು.

“ಬೇಡ ಕಣೆ. ಬೇಕಂತ ಮಾಡಿದವಳಲ್ಲ ನೀನು, ಗೊತ್ತು. ನನ್ನ ಬಟ್ಟೆ ಕತ್ತರಿಸಿದ್ದೀಯಾ?”

“ಇನ್ನೂ ಇಲ್ಲ, ಟೀಚರಮ್ಮ. ನಾಳೆನೇ ಹೊಲಿದು...”

“ವಾಪಸ್ ಕೊಡು. ನಿನ್ನ ಮುಂದೆ ಇನ್ನು ಅಳತೆಗೆ ಕೈ ಎತ್ತಿ ನಿಲ್ಲೋಕೆ ನನ್ನಿಂದಾಗಲ್ಲ.”