ಶೇಷ ಎಂಟು

ಬೈಲಹೊಂಗಲದ ರಕ್ತನಿಧಿಯಲ್ಲಿ ಸಂಜೀವನಷ್ಟು ಚೊಕ್ಕ ಕೆಲಸದವನು ಇನ್ನೊಬ್ಬನಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಸಂಜೀವನೇ ಹೇಳುತ್ತಿದ್ದ. ಮನೋಳಿಯ ಪಂಚಾಂಗದವರ ಮನೆತನ ಅವನದು. ಅಪ್ಪ ತ್ರ್ಯಂಬಕ ಭಟ್ಟರು ಎಷ್ಟೇ ದೊಡ್ಡ ಸಂಖ್ಯೆ ಬಂದರೂ ಅಂಕಿಗಳನ್ನು ಕೂಡಿಸುತ್ತ, ಒಂಬತ್ತಾದಲ್ಲೆಲ್ಲ ಬಿಡುತ್ತ, ಕೊನೆಗುಳಿದ ಒಂದೇ ಅಂಕಿಯಿಂದ, ಅಂದರೆ ಶೇಷದಿಂದ, ಲೆಕ್ಕದ ತಪ್ಪು ಹಿಡಿಯುತ್ತಿದ್ದರು. ಮಗನಿಗೆ ಪಂಚಾಂಗ ಒಲಿಯಲಿಲ್ಲ, ಆ ಚಟ ಮಾತ್ರ ಅಂಟಿಕೊಂಡಿತು. ರಕ್ತದ ಚೀಲದ ಏಳಂಕಿಯ ಸಂಖ್ಯೆಯನ್ನು ಅವನು ಎಂದೂ ಪೂರ್ತಿ ಓದಿದವನಲ್ಲ. ರೋಗಿಯ ಚೀಟಿಯಲ್ಲಿ ಬರೆದ ಸಂಖ್ಯೆಗೂ ಚೀಲದ ಸಂಖ್ಯೆಗೂ ಶೇಷ ತಾಳೆಯಾದರೆ ಮುಗಿಯಿತು. ರಾಮದುರ್ಗದ ಆಸ್ಪತ್ರೆಯ ನರ್ಸ್ ರೇಣುಗೂ ಫೋನಿನಲ್ಲೇ ಈ ಉಪಾಯ ಕಲಿಸಿ ಬೀಗಿದ್ದ.

ಅಂದು ಬೆಳಿಗ್ಗೆ ಹುಸೇನಪೀರ ಐಸ್ ಡಬ್ಬಿ ಹಿಡಿದು ಬಂದ. ಅವನ ಹೆಂಡತಿ ಜೈಬುನ್ನಿಸಾ ಆ ಆಸ್ಪತ್ರೆಯಲ್ಲಿ ಮಲಗಿದ್ದಳು. ಹಲವು ಸಲ ರಕ್ತ ಹಾಕಿಸಿಕೊಂಡ ಮೈ. ಈಗ ತನ್ನದೇ ಗುಂಪಿನ ರಕ್ತವನ್ನೂ ಒಲ್ಲೆ ಎನ್ನುತ್ತಿತ್ತು. ಫ್ರಿಜ್ಜಿನಲ್ಲಿದ್ದ ಚೀಲಗಳನ್ನೆಲ್ಲ ಪರೀಕ್ಷಿಸಿದಾಗ ಅವಳಿಗೆ ಹೊಂದಿದ್ದು ಒಂದೇ, ೪೦೭೧೮೭೮.

"ಇದs ಹೌದಲ್ರಿ ಸಾಹೇಬ್ರ? ಬ್ಯಾರೇದು ಹೋದ್ರ ಆಕಿ ಜೀವಕ್ಕ ಬರ್ತೈತಿ ಅಂದಾರ್ರಿ ಡಾಕ್ಟರು."

"ಅಂಜಬ್ಯಾಡ್ರಿ. ಚೀಟಿ ಮ್ಯಾಲಿನ ನಂಬರಿಗೆ ಶೇಷ ಎಂಟು, ಚೀಲಕ್ಕೂ ಎಂಟು. ನಮ್ಮ ಮನಿತನದ ಲೆಕ್ಕ ಅದ ಇದು, ತಪ್ಪಂಗಿಲ್ಲ."

ಹುಸೇನಪೀರ ಎರಡೂ ಕೈಯಿಂದ ಡಬ್ಬಿಯನ್ನು ಎದೆಗೊತ್ತಿಕೊಂಡು ಸವದತ್ತಿಯ ಮೇಲೆ ರಾಮದುರ್ಗದ ದಾರಿ ಹಿಡಿದ.

ಮಧ್ಯಾಹ್ನ ಇನ್ನಾರಿಗೋ ರಕ್ತ ಬೇಕಾಗಿ ಸಂಜೀವ ಫ್ರಿಜ್ ತೆರೆದ. ಮುಂದಿನ ಚೀಲದ ಅಂಕಿಗಳನ್ನು ಅಭ್ಯಾಸಬಲದಿಂದ ಕೂಡಿಸಿದ. ಎಂಟು. ಬೆಳಿಗ್ಗೆಯೂ ಎಂಟೇ ಬಂದದ್ದು ನೆನಪಾಗಿ ನಗು ಬಂತು. ಆಮೇಲೆ, ಜನ್ಮದಲ್ಲಿ ಮೊದಲ ಸಲ, ಚೀಲದ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಓದಿದ. ೪೦೭೧೮೭೮.

ಉಳಿದ ಚೀಲಗಳನ್ನು ದಾಸ್ತಾನು ಪುಸ್ತಕದೊಂದಿಗೆ ತಾಳೆ ನೋಡಿದ. ಹೋಗಿದ್ದು ೪೦೭೧೮೮೭. ಅದೇ ಶಿಬಿರದ, ಅದೇ ಗುಂಪಿನ, ಒಂಬತ್ತು ಮುಂದಿನ ಚೀಲ. ಒಂಬತ್ತು ಕೂಡಿದರೂ ಕಳೆದರೂ ಶೇಷ ಅಲುಗುವುದಿಲ್ಲ, ಅಂಕಿ ಅದಲುಬದಲಾದರೂ ಅಲುಗುವುದಿಲ್ಲ. ಶೇಷ ಬೇರೆಯಾದರೆ ತಪ್ಪು ಖಾತ್ರಿ; ಒಂದೇ ಆದ ಮಾತ್ರಕ್ಕೆ ಸರಿಯೆಂದಲ್ಲ. ಇದೇನು ಅವನಿಗೆ ಗೊತ್ತಿಲ್ಲದ್ದೇ? ಚಡ್ಡಿ ಹಾಕುವ ವಯಸ್ಸಿನಲ್ಲೇ ಅಪ್ಪ ಹೇಳಿಕೊಟ್ಟಿದ್ದರು. ಗೊತ್ತಿದ್ದೂ ಮೆರೆದಿದ್ದ. ಇಷ್ಟು ಭಯ ಅವನಿಗೆ ಹಿಂದೆಂದೂ ಆಗಿರಲಿಲ್ಲ.

ಹುಸೇನಪೀರ ಫೋನ್ ಎತ್ತಲಿಲ್ಲ. ಸಂಜೀವ ಆಸ್ಪತ್ರೆಗೆ ಫೋನ್ ಹಚ್ಚಿದ.

"ರೇಣು, ಆ ಚೀಲ ಹಚ್ಚಬ್ಯಾಡ್ರಿ!"

"ಆಗಲೇ ಹಚ್ಚೇವಲ್ರಿ ಸರ್. ನೀವು ಕಲಿಸಿದಂಗs ಕೂಡಿಸಿ ನೋಡಿದೆ, ಎಂಟs ಬಂತ್ರಿ."

"ಬಂದ್ ಮಾಡ್ರಿ! ಮದ್ಲ ಹೋಗಿ ಬಂದ್ ಮಾಡ್ರಿ!"

ಅವಳು ಫೋನನ್ನು ಮೇಜಿನ ಮೇಲೆ ಬಿಟ್ಟು ಓಡಿದ ಸಪ್ಪಳ ಕೇಳಿತು. ಸಂಜೀವ ಫೋನನ್ನು ಕಿವಿಗೊತ್ತಿಕೊಂಡೇ ನಿಂತ. ಫೋನಿನಾಚೆ ದೂರದಲ್ಲಿ ಹುಸೇನಪೀರ ಯಾರನ್ನೋ ಕೇಳುತ್ತಿದ್ದ.

"ಸಿಸ್ಟರ್, ಇನ್ನೊಂದು ಕಂಬಳಿ ಕೊಡ್ರಿ. ಈಕಿ ಭಾಳ ನಡಗಾಕ ಹತ್ಯಾಳ."